ರೊಟ್ಟಿಯ ಅಳತೆಗೆ ತಂದ ಫ್ರಿಜ್

ಮುದ್ದೇಬಿಹಾಳ, ೨೭ ಮಾರ್ಚ್ ೧೯೭೭, ರವಿವಾರ

ಇವತ್ತೂ ಹಾಲು ಒಡೆಯಿತು. ಉಗಾದಿ ಆಗಿ ಎಂಟು ದಿನ, ಇದು ಐದನೆಯ ಸಲ. ಈ ಬಿಸಿಲಿಗೆ ಮನುಷ್ಯರೇ ಕೆಡುತ್ತಾರೆ, ಹಾಲಿನ ಪಾಡೇನು ಎಂದು ನಾನು ಹೇಳಿದರೆ ಈ ಮನೆಯಲ್ಲಿ ಕೇಳುವವರು ಯಾರು?

ಎಮ್ಮೆ ಬಂದದ್ದು ತಮ್ಮನ ಹೆಂಡತಿ ರುಕ್ಮವ್ವನ ತವರಿನಿಂದ, ಆಲಮೇಲದಿಂದ. ಹಾಲು ಕಾಸುವವಳು ನನ್ನ ಹೆಂಡತಿ ಬಾಳಮ್ಮ. ಹಾಲು ಒಡೆದರೆ ಬಾಳಮ್ಮ ಎಮ್ಮೆಯನ್ನು ಬಯ್ಯುತ್ತಾಳೆ, ರುಕ್ಮವ್ವ ಹಾಲು ಕಾಸುವ ಬೋಗಾಣಿಯನ್ನು ಬಯ್ಯುತ್ತಾಳೆ. ಶಿವರಾತ್ರಿಯಿಂದ ಇಬ್ಬರಿಗೂ ಮಾತಿಲ್ಲ. ಹೇಳುವುದೇನಾದರೂ ಇದ್ದರೆ ಅವ್ವನಿಗೆ ಹೇಳುತ್ತಾರೆ, ಅವ್ವ ಇತ್ತಲಿಂದ ಅತ್ತ ದಾಟಿಸುತ್ತಾಳೆ. ಎಪ್ಪತ್ತೆರಡನೆಯ ವಯಸ್ಸಿಗೆ ಅವಳಿಗೆ ಟಪಾಲಿನ ಕೆಲಸ.

ಸಂಜೆ ತಮ್ಮ ಖಂಡೆಪ್ಪ ತನ್ನ ಕಾಳಿನ ಅಡತಿ ಅಂಗಡಿ ಮುಚ್ಚಿ ಪಡಸಾಲೆಗೆ ಬಂದ. ಹಿಂದೆ ಗೌಂಡಿ ಸೋಮನಿಂಗ. ಮನೆಯ ಯಾವುದೋ ಗೋಡೆ ಬಿರುಕು ಬಿಟ್ಟಿರಬೇಕು ಎಂದುಕೊಂಡೆ.

"ಅಣ್ಣಾ, ಸಿಟ್ಟಾಗಬ್ಯಾಡ. ಒಲಿ ಬ್ಯಾರೆ ಮಾಡೂಣು. ಬಸವ ಜಯಂತಿ ದಿನ ಚಲೋ ಐತಿ, ಮುಹೂರ್ತ ನೋಡೂದ ಬ್ಯಾಡ. ಹಿತ್ತಲ ಖೋಲ್ಯಾಗ ನಮ್ಮದೊಂದು ಒಲಿ ಹಾಕಿಸ್ತೇನಿ" ಎಂದ. ನನ್ನೆದುರಿಗೇ ಸೋಮನಿಂಗನಿಗೂ ಹೇಳಿದ: "ಜಯಂತಿ ದಿನ ಮುಂಜಾನೆ ಬಂದುಬಿಡು."

ಇಪ್ಪತ್ತೆರಡು ವರ್ಷ ನಾನು ಈ ಊರ ಕೋರ್ಟಿನಲ್ಲಿ ಅಣ್ಣತಮ್ಮಂದಿರು ಆಸ್ತಿ ಪಾಲು ಕೇಳುವ ವಾಟ್ನಿ ದಾವೆಗಳನ್ನು ನಡೆಸಿದ್ದೇನೆ. ಅದು ಹೇಗೆ ಶುರುವಾಗುತ್ತದೆಂದು ನನಗೆ ಯಾರೂ ಕಲಿಸಬೇಕಿಲ್ಲ. ಮೊದಲು ಒಲೆ, ಆಮೇಲೆ ಹಿತ್ತಲ ಬಾಗಿಲು, ಆಮೇಲೆ ಅಂಗಳದ ನಡುವೆ ಗೋಡೆ, ಆಮೇಲೆ ಕರಿ ಕೋಟು ಹಾಕಿಕೊಂಡ ನಾನು. ಅಂಥ ಗೋಡೆಗಳ ಮೇಲೆಯೇ ನನ್ನ ಸಂಸಾರ ನಡೆದಿದೆ, ಒಪ್ಪುತ್ತೇನೆ. ಆದರೆ ನನ್ನ ಅಂಗಳದಲ್ಲಿ ಅದು ಏಳಬಾರದು. ಅಪ್ಪ ಹೋದಾಗ ಖಂಡೆಪ್ಪನಿಗೆ ಆರು ವರ್ಷ. ಅವತ್ತಿನಿಂದ ಅವನು ನನ್ನ ಪಕ್ಕಕ್ಕೆ ಕೂತು ಉಂಡಿದ್ದಾನೆ. ಅವನಿಲ್ಲದ ಪಂಕ್ತಿಯಲ್ಲಿ ನನಗೆ ತುತ್ತು ಇಳಿಯುವುದಿಲ್ಲ.

"ಜಯಂತಿ ತನಕ ತಡಿ. ಅಷ್ಟರಾಗ ಫ್ರಿಜ್ ತರ್ತೇನಿ. ಹಾಲ ಒಡಿಯೂದು ನಿಂತ್ರ ಜಗಳಾನೂ ನಿಲ್ತೈತಿ" ಎಂದೆ. ಬಾಯಿಗೆ ಬಂದದ್ದು ಹೇಳಿಬಿಟ್ಟೆ.

ಖಂಡೆಪ್ಪ ನೆಲ ನೋಡುತ್ತ "ತಾ, ನೋಡೂಣು" ಎಂದ. ಸೋಮನಿಂಗನನ್ನು ಮಾತ್ರ ಬೇಡ ಅನ್ನಲಿಲ್ಲ.

೩೦ ಮಾರ್ಚ್, ಬುಧವಾರ

ಯಾವ ಕೆಲಸಕ್ಕೂ ಮೊದಲು ಹೇಳಿಕೆ ತೆಗೆದುಕೊಳ್ಳುವುದು ನನ್ನ ಪದ್ಧತಿ. ಕಾಗದ ಹಿಡಿದು ಅಡಿಗೆಮನೆಗೆ ಹೋದೆ. ಅಲ್ಲಿಗೆ ಕಾಲಿಟ್ಟು ಎಷ್ಟು ವರ್ಷವಾಗಿತ್ತೋ, ಬಾಗಿಲು ಅಷ್ಟು ಗಿಡ್ಡ, ಅಷ್ಟು ಇಕ್ಕಟ್ಟು ಎಂಬುದೇ ಮರೆತುಹೋಗಿತ್ತು. ಹಣೆಗೆ ಬುಗುಟೆ ಬಂದಿದೆ. ಒಳಗಿದ್ದ ಮೂವರೂ ನನ್ನನ್ನು ಜಪ್ತಿಗೆ ಬಂದವನಂತೆ ನೋಡಿದರು.

"ಫ್ರಿಜ್ ಬಂದ್ರ ಏನೇನ ಇಡ್ತೀರಿ?" ಎಂದು ಕೇಳಿದೆ.

ಅವ್ವ ಯೋಚಿಸಿದಳು. "ನಮ್ಮ ಮನ್ಯಾಗ ಕೆಡೂದ ಏನೈತೋ ಬಸಂತಾ? ಖಡಕ್ ರೊಟ್ಟಿ ತಿಂಗಳಗಟ್ಟಲೆ ಇರ್ತಾವು. ಶೇಂಗಾ ಹಿಂಡಿ ಕೆಡೂದಿಲ್ಲ. ಉಪ್ಪಿನಕಾಯಿ ನಿಮ್ಮಪ್ಪ ಇದ್ದಾಗಿಂದು ಇನ್ನೂ ಐತಿ."

"ಹಾಲು?"

"ಹಾಲ ಒಂದು ಹೌದು. ಒಂದ ಬೋಗಾಣಿಗೆ ಅಷ್ಟ ದೊಡ್ಡ ಥಂಡಿ ಕಪಾಟ ತರೂದು ಭಾಳ ಆತು. ರೊಟ್ಟೀನೂ ಇಡೂಣು. ರೊಟ್ಟಿ ಹಿಡಸಬೇಕು ನೋಡು, ಮುರೀದಂಗ. ಮುರದ ರೊಟ್ಟಿ ಬಂದವರ ಮುಂದ ಇಡಾಕ ಬರೂದಿಲ್ಲ."

ಬಾಳಮ್ಮನ ಹೇಳಿಕೆ: "ಎಮ್ಮಿ ಬದಲಾಸಿದ್ರ ಫ್ರಿಜ್ ಬೇಕಿದ್ದಿಲ್ಲ." ರುಕ್ಮವ್ವ ನನ್ನ ಎದುರಿಗೆ ಬರುವವಳಲ್ಲ. ಬಾಗಿಲ ಮರೆಗೆ ಸರಿದು ಅಲ್ಲಿಂದ ಅವ್ವನಿಗೆ ಹೇಳಿದಳು: "ಬೋಗಾಣಿ ಬದಲಾಸಿದ್ರೂ ಬೇಕಿದ್ದಿಲ್ಲ ಅಂತ ಬಾವಾರಿಗೆ ಹೇಳ್ರಿ ಅತ್ತಿ." ಎರಡನ್ನೂ ಬರೆದುಕೊಂಡು ಹೊರಗೆ ಬಂದೆ. ಹೊರಗೆ ಬರುವಾಗ ಮತ್ತೆ ಹಣೆ ಬಡಿಯಿತು.

೩ ಏಪ್ರಿಲ್, ರವಿವಾರ

ಫ್ರಿಜ್ಜಿನ ಅಳತೆ ರೊಟ್ಟಿಯಿಂದ ಆಗಬೇಕೆಂದು ಅವ್ವ ತೀರ್ಪು ಕೊಟ್ಟಾಗಿದೆ. ಆದರೆ ಯಾರ ರೊಟ್ಟಿ? ಬಾಳಮ್ಮ ಇಂಡಿ ಕಡೆಯವಳು, ಅವಳ ರೊಟ್ಟಿ ಹಂಚು ಮೀರಿ ಹೊರಗೆ ಚಾಚುತ್ತದೆ. ರುಕ್ಮವ್ವನದು ಸಣ್ಣದು, ಹಪ್ಪಳದಷ್ಟು ತೆಳು. ಒಬ್ಬರ ರೊಟ್ಟಿ ಒಯ್ದರೆ ಇನ್ನೊಬ್ಬರಿಗೆ ಅವಮಾನ. ಎರಡೂ ಒಯ್ದರೆ ಯಾವುದರ ಪ್ರಕಾರ ಕೊಳ್ಳಬೇಕು?

ನಾನು ಒಂದು ಮಧ್ಯಸ್ಥಿಕೆ ಸೂಚಿಸಿದೆ: ಬಾಳಮ್ಮ ತಟ್ಟಬೇಕು, ರುಕ್ಮವ್ವ ಬೇಯಿಸಬೇಕು. ಅವ್ವ ಒಪ್ಪಿದಳು. ಕೆಲಸ ಸರಿಯಾಗಿ ನಡೆಯುತ್ತದೋ ಇಲ್ಲವೋ ನೋಡಲು ನಾನೇ ಅಡಿಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತೆ. ರುಕ್ಮವ್ವ ನನಗೆ ಬೆನ್ನು ಮಾಡಿ ಒಲೆಯ ಮುಂದೆ ಕೂತಳು.

"ಅತ್ತಿ, ಒಲಿ ಮುಂದ ಕುಂತಾಕಿಗೆ ಹೇಳ್ರಿ, ಅಂಚ ಸುಡಾಕತ್ತೈತಿ."

"ಅತ್ತಿ, ತಟ್ಟಾಕಿಗೆ ಹೇಳ್ರಿ, ಅಂಚ ದಪ್ಪ ಆದ್ರ ಸುಡೂದ."

ಅವ್ವ ನಡುವೆ ತೂಕಡಿಸುತ್ತಿದ್ದಳು. ಹೀಗಾಗಿ ಅವಳ ಹೆಸರಿಗೆ ಹೇಳಿದ ಮಾತುಗಳು ನೇರವಾಗಿಯೇ ಹೋಗಿ ಮುಟ್ಟಿದವು. ಹನ್ನೊಂದು ರೊಟ್ಟಿ ಆದ ಮೇಲೆ ಹನ್ನೆರಡನೆಯದು ಇಬ್ಬರಿಗೂ ಪಸಂದಾಯಿತು. ಎರಡೂ ಅಲ್ಲದ ಒಂದು ಹೊಸ ಅಳತೆಯ ರೊಟ್ಟಿ. ಹಾಳಾದ ಹನ್ನೊಂದರಲ್ಲಿ ಮೂರು ನಾನು ಅಲ್ಲೇ ಕೂತು ಬಿಸಿಬಿಸಿ ತಿಂದೆ, ಬೆಣ್ಣೆ ಹಚ್ಚಿ. ಪಡಸಾಲೆಗೆ ಬರುವಷ್ಟರಲ್ಲಿ ರೊಟ್ಟಿ ಎಷ್ಟು ಆರುತ್ತದೆಂದು ಇವತ್ತು ತಿಳಿಯಿತು.

೬ ಏಪ್ರಿಲ್, ಬುಧವಾರ

ವಿಜಾಪುರಕ್ಕೆ ಹೋಗಿ ಬಂದೆ. ಬರಿಗೈಯಲ್ಲಿ.

ಅಳತೆಯ ರೊಟ್ಟಿಯನ್ನು ಎರಡು ಹಿತ್ತಾಳಿ ತಾಟುಗಳ ನಡುವೆ ಇಟ್ಟು, ಧೋತರದಲ್ಲಿ ಕಟ್ಟಿ, ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಬಾಗೇವಾಡಿ ಬರುವ ಹೊತ್ತಿಗೆ ಒಳಗೆ ಕಟಕಟ ಸಪ್ಪಳ. ಬಿಚ್ಚಿ ನೋಡಿದರೆ ಏಳು ತುಂಡು. ಹೇಗೂ ಮುರಿದಿದೆ, ಹಸಿವೆಯೂ ಆಗಿತ್ತು, ಬಾಗೇವಾಡಿ ಸ್ಟ್ಯಾಂಡಿನಲ್ಲಿ ಚಹದ ಜೊತೆ ಒಂದು ಸಣ್ಣ ತುಂಡು ತಿಂದೆ.

ಫ್ರಿಜ್ ಅಂಗಡಿಯ ಜೈನುದ್ದೀನ ಪರಿಚಯದವ, ಸಂಭಾವಿತ. "ಎಷ್ಟು ಲೀಟರಿಂದು ತೋರಸ್ಲಿರಿ?" ಎಂದ. ನಾನು ಗಂಟು ಬಿಚ್ಚಿ ಅವನ ನೆಲದ ಮೇಲೆ ತುಂಡುಗಳನ್ನು ಕೂಡಿಸತೊಡಗಿದೆ. ಅವನೂ ಕನ್ನಡಕ ಹಾಕಿಕೊಂಡು ನನ್ನ ಜೊತೆ ಬಗ್ಗಿ ಕೂತ. ಎಲ್ಲಾ ಹೊಂದಿದವು, ಬಲಗಡೆಯ ಅಂಚು ಮಾತ್ರ ಇಲ್ಲ.

"ಇಲ್ಲಿಂದು ಎಲ್ಲಿ ಹೋತ್ರಿ?"

"ಬಾಗೇವಾಡ್ಯಾಗ ತಿಂದೆ" ಎಂದೆ.

ಅವನು ಕನ್ನಡಕ ತೆಗೆದ. "ಹಂಗಾರ ಅಂದಾಜ ಮ್ಯಾಲೆ ಕೊಡಾಕ ಬರೂದಿಲ್ರಿ ವಕೀಲ ಸಾಹೇಬ್ರ. ನಾಳೆ ಹಿಡಸಲಿಲ್ಲಂದ್ರ ನನ್ನ ಮ್ಯಾಲೆ ಕೇಸ ಹಾಕ್ತೀರಿ" ಎಂದ. ಸಾಕ್ಷ್ಯವನ್ನು ನಾನೇ ತಿಂದ ಮೇಲೆ ವಾದ ಮಾಡುವುದೇನು? ಎದ್ದು ಬಂದೆ.

೭ ಏಪ್ರಿಲ್, ಗುರುವಾರ

ಮನೆಯಲ್ಲಿ ಬೈಗುಳ. ಬಾಳಮ್ಮ: "ನಿಮ್ಮ ಕೈಯಾಗ ಒಂದು ರೊಟ್ಟಿ ಕೊಟ್ರ ಊರ ದಾಟೂದಿಲ್ಲ. ಈ ಸಲ ನಾ ಬರ್ತೇನಿ." ಬಾಗಿಲ ಮರೆಯಿಂದ: "ಅತ್ತಿ, ಅವರು ಹೋದ್ರ ನಾನೂ ಹೋಗಾಕಿ ಅಂತ ಹೇಳ್ರಿ." ನಮ್ಮ ಮನೆತನದ ಹೆಣ್ಣುಮಕ್ಕಳು ಮಶೀನು ಕೊಳ್ಳಲು ವಿಜಾಪುರದ ಬಜಾರಕ್ಕೆ ಹೋದದ್ದು ನಾನಂತೂ ಕೇಳಿಲ್ಲ. ಖಂಡೆಪ್ಪನನ್ನು ಕೇಳಿದರೆ "ನಿನಗ ಬಿಟ್ಟಿದ್ದು ಅಣ್ಣಾ" ಎಂದು ಜಾರಿಕೊಂಡ.

೧೧ ಏಪ್ರಿಲ್, ಸೋಮವಾರ

ಬಸ್ಸಿನಲ್ಲಿ ಬಾಳಮ್ಮ ಮುಂದೆ, ರುಕ್ಮವ್ವ ಹಿಂದೆ, ನಡುವಿನ ಸೀಟಿನಲ್ಲಿ ರೊಟ್ಟಿ ಬುಟ್ಟಿಯ ಜೊತೆ ನಾನು. ಈ ಸಲ ಅಳತೆಯ ರೊಟ್ಟಿಯಲ್ಲದೆ ತಂತಮ್ಮ ಅಳತೆಯ ರೊಟ್ಟಿಗಳನ್ನೂ ಇಬ್ಬರೂ ಬೇರೆ ಬೇರೆಯಾಗಿ ಅದೇ ಬುಟ್ಟಿಗೆ ಹಾಕಿದ್ದರು. ನನಗೆ ಮೊದಲೇ ಹೇಳಿರಲಿಲ್ಲ.

ಜೈನುದ್ದೀನ ಇಬ್ಬರನ್ನೂ ಕುರ್ಚಿ ಹಾಕಿ ಕೂಡಿಸಿದ, ಶರಬತ್ತು ಕೊಟ್ಟ. ಬಾಳಮ್ಮನಿಗೆ ಬಿಳಿ ಬೇಕು, ರುಕ್ಮವ್ವನಿಗೆ ತಿಳಿಹಸಿರು ಬೇಕು. ಒಬ್ಬರು ಗೋಡೆಗೆ ಹೇಳಿದರು, ಇನ್ನೊಬ್ಬರು ಪಂಖಕ್ಕೆ ಹೇಳಿದರು. ವ್ಯಾಪಾರಿ ಅಲ್ಲವೆ, ಮನೆಯ ಹವೆ ಅವನಿಗೆ ತಟ್ಟನೆ ತಿಳಿಯಿತು.

"ಒಂದು ಮಾತ ಹೇಳ್ಲಿರಿ? ಒಂದು ದೊಡ್ಡದು ಯಾಕ? ಸಣ್ಣವು ಎರಡು ಒಯ್ರಿ. ಅಕ್ಕಾರಿಗೊಂದು, ತಂಗ್ಯಾರಿಗೊಂದು. ಜಗಳನ ಇಲ್ಲ."

ಎರಡು ಫ್ರಿಜ್ ಅಂದರೆ ಎರಡು ಒಲೆ, ಎರಡು ಒಲೆ ಅಂದರೆ ಎರಡು ಮನೆ. ಬೇಡ ಅನ್ನುವ ಬದಲು ಶರಬತ್ತಿನ ಖಾಲಿ ಗ್ಲಾಸನ್ನೇ ಮತ್ತೆ ಬಾಯಿಗೆ ಹಿಡಿದೆ. ಕೋರ್ಟಿನಲ್ಲಿ ನನಗೆ ಹೀಗೆ ಎಂದೂ ಆಗಿಲ್ಲ.

ಬಾಳಮ್ಮ ಎದ್ದು ಸಣ್ಣ ಫ್ರಿಜ್ಜಿನಲ್ಲಿ ತನ್ನ ರೊಟ್ಟಿ ಇಟ್ಟು ನೋಡಿದಳು. ಹಿಡಿಸಲಿಲ್ಲ. ಆಮೇಲೆ ರುಕ್ಮವ್ವ ತನ್ನದು ಇಟ್ಟಳು. ಹಿಡಿಸಿತು, ಪೂರಾ ಹಿಡಿಸಿತು. ಸುತ್ತಲೂ ಎರಡು ಬೆರಳಿನಷ್ಟು ಜಾಗ ಉಳಿದಿದ್ದನ್ನು ನಾನು ಕಣ್ಣಾರೆ ಕಂಡೆ. ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಅವಳು ರೊಟ್ಟಿಯ ಅಂಚನ್ನು ಹೆಬ್ಬೆರಳಿನಿಂದ ಒತ್ತಿದಳು. ಪಟ್ ಎಂದು ಮುರಿಯಿತು.

"ಮುರೀತ್ ನೋಡ್ರಿ. ಇದೂ ಹಿಡಸೂದಿಲ್ಲ. ದೊಡ್ಡದು ತಗೀರಿ" ಎಂದಳು.

ಯಾಕೆ ಒತ್ತಿದಳೋ ನನಗಂತೂ ಅರ್ಥವಾಗಲಿಲ್ಲ. ಈ ಹುಡುಗಿಯ ಕೈ ಮೊದಲಿನಿಂದಲೂ ಒರಟು. ಬಾಳಮ್ಮನೂ ಅದನ್ನು ನೋಡಿದಳು. ಏನಾದರೂ ಕುಟುಕುತ್ತಾಳೆ ಎಂದುಕೊಂಡರೆ ಸುಮ್ಮನೆ ದೊಡ್ಡದರ ಕಡೆ ನಡೆದಳು, "ತಿಳಿಹಸರ ಇದ್ರ ಹಸರಽ ಇರ್ಲಿ" ಎಂದಳು. ದೊಡ್ಡದರಲ್ಲಿ ಕೂಡಿ ಮಾಡಿದ ರೊಟ್ಟಿ ಆರಾಮಾಗಿ ಮಲಗಿತು.

ಬರುವಾಗ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಬುಟ್ಟಿಯನ್ನು ಎರಡೂ ಕಡೆ ಹಿಡಿಯಬೇಕಲ್ಲ, ಅದಕ್ಕೆ. ನನಗೆ ಜಾಗವೇ ಸಿಗದೆ ಬಾಗೇವಾಡಿಯ ತನಕ ನಿಂತು ಬಂದೆ. ಕಾಲುಗಳು ನೋಯುತ್ತಿವೆ.

೧೬ ಏಪ್ರಿಲ್, ಶನಿವಾರ

ಬಂದಗಿಸಾಬನ ಟ್ರಕ್ಕಿನಲ್ಲಿ ಹುಲ್ಲಿನ ನಡುವೆ ಕೂತು ಫ್ರಿಜ್ ಬಂತು. ಓಣಿಯ ಜನವೆಲ್ಲ ಕೂಡಿತು. ಆರು ಮಂದಿ ಹೊತ್ತು ಪಡಸಾಲೆ ದಾಟಿ ಅಡಿಗೆಮನೆಯ ಬಾಗಿಲ ತನಕ ಒಯ್ದರು.

ಒಳಗೆ ಹೋಗಲಿಲ್ಲ. ನೆಟ್ಟಗೆ ಹೋಗಲಿಲ್ಲ, ಅಡ್ಡ ಮಾಡಿದರೂ ಹೋಗಲಿಲ್ಲ. ಬಂದಗಿಸಾಬ ಬೆವರು ಒರೆಸಿಕೊಂಡು "ಬಾಗಲಾ ಅಳತಿ ತಗೊಂಡಿದ್ದಿಲ್ಲೇನ್ರಿ ಸಾಹೇಬ್ರ?" ಎಂದ. ಹದಿನೈದು ದಿನ ಮನೆಮಂದಿಯೆಲ್ಲ ರೊಟ್ಟಿ ಅಳೆದಿದ್ದೇವೆ. ಬಾಗಿಲು ಅಳೆಯುವುದು ಒಬ್ಬರಿಗೂ ಹೊಳೆದಿಲ್ಲ. ನನಗಂತೂ ಎರಡು ಸಲ ಹಣೆ ಬಡಿದಿತ್ತು, ಆಗಲೂ ಹೊಳೆಯಲಿಲ್ಲ.

ಪಡಸಾಲೆಯಲ್ಲಿ ಕರೆಂಟಿನ ಪ್ಲಗ್ ಇರುವುದು ನನ್ನ ವಕೀಲಿ ಮೇಜಿನ ಹಿಂದೆ ಮಾತ್ರ. ಮೇಜು ತೆಗೆದು ಅಲ್ಲಿ ಫ್ರಿಜ್ ನಿಲ್ಲಿಸಿದರು. ಮೇಜನ್ನು ಎಲ್ಲಿಡಬೇಕು? ಅಡಿಗೆಮನೆಯಲ್ಲಿ ಫ್ರಿಜ್ಜಿಗಾಗಿ ಬಿಟ್ಟ ಮೂಲೆ ಖಾಲಿ ಇತ್ತು. ಸದ್ಯಕ್ಕೆ, ಪಕ್ಕಕ್ಕೆ ಹೊರಳಿಸಿ ಒಯ್ದು ಅಲ್ಲಿ ಇಟ್ಟಿದ್ದೇವೆ. ಅವ್ವ ಫ್ರಿಜ್ಜಿಗೆ ವಿಭೂತಿ ಹಚ್ಚಿ, ಅದರ ನೆತ್ತಿಯ ಮೇಲೆಯೇ ಕಾಯಿ ಒಡೆಯಲು ಹೊರಟಿದ್ದಳು. ಬಂದಗಿಸಾಬ ಕೈ ಹಿಡಿದು ತಪ್ಪಿಸಿದ.

೧೮ ಏಪ್ರಿಲ್, ಸೋಮವಾರ

ಅವ್ವನ ಹುಕುಂ ಪ್ರಕಾರ ಮೊನ್ನೆಯೇ ನೂರು ಖಡಕ್ ರೊಟ್ಟಿ ಫ್ರಿಜ್ಜಿನಲ್ಲಿ ಇಟ್ಟಿದ್ದರು. ಇವತ್ತು ತೆಗೆದರೆ ಒಂದೂ ಖಡಕ್ ಇಲ್ಲ. ತೇವಕ್ಕೆ ಮೆತ್ತಗಾಗಿ ಒಗೆದ ಅರಿವೆಯಂತೆ ಜೋತುಬಿದ್ದವು. ಅವ್ವ ಒಂದನ್ನು ಎತ್ತಿ ಹಿಡಿದು "ಮಡಚಿ ಕಪಾಟಿನ್ಯಾಗ ಇಡ್ರಿ ಇವನ್ನ, ಸೀರಿ ಇಟ್ಟಂಗ" ಎಂದಳು. ಬಾಳಮ್ಮ ನಕ್ಕಳು. ರುಕ್ಮವ್ವನೂ ನಕ್ಕಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಗಪ್ಪನೆ ನಿಲ್ಲಿಸಿದರು. ಆಮೇಲೆ ಮತ್ತೆ ನಕ್ಕರು. ನೂರು ರೊಟ್ಟಿ ಹಾಳಾದರೆ ನಗುವುದೇನಿದೆ?

ಅಡಿಗೆಮನೆಯಲ್ಲಿ ವಕೀಲಿ ನಡೆಯುವುದಿಲ್ಲ. ಒಂದು ಪ್ಯಾರಾ ಬರೆಯುವಷ್ಟರಲ್ಲಿ "ಕೈ ಖಾಲಿ ಅದಾವಲ್ಲ" ಎಂದು ಬಾಳಮ್ಮ ಬೆಳ್ಳುಳ್ಳಿ ಮುಂದಿಡುತ್ತಾಳೆ. ಸುಲಿದುಕೊಟ್ಟೆ. ಸಿಪ್ಪೆ ದಪ್ಪ ಸುಲಿಯುತ್ತೇನೆ ಎಂದು ಅದಕ್ಕೂ ಮಾತು. ಇವತ್ತಿನ ಊಟ ಖಂಡೆಪ್ಪನದೂ ನನ್ನದೂ ಒಲೆಯ ಹತ್ತಿರವೇ ಆಯಿತು, ಪಡಸಾಲೆಯಲ್ಲಿ ಫ್ರಿಜ್ ನೋಡಲು ಬಂದ ಜನ ಕೂತಿದ್ದರು. ಎಷ್ಟು ದಿನ ಹೀಗೆ?

೨೦ ಏಪ್ರಿಲ್, ಬುಧವಾರ

ನಾಳೆ ಬಸವ ಜಯಂತಿ. ನಾಲ್ಕು ದಿನ ಹಾಲು ಒಡೆದಿಲ್ಲ. ಆದರೂ ಒಲೆ ಬೇಡ ಎಂದು ಖಂಡೆಪ್ಪ ಅನ್ನಲಿಲ್ಲ, ನಾನೂ ಮಾತು ತೆಗೆಯಲಿಲ್ಲ. ಸಂಜೆ ಸೋಮನಿಂಗ ಬಂದು ಹಿತ್ತಲಲ್ಲಿ ನಾಲ್ಕು ಇಟ್ಟಂಗಿ, ಒಂದು ಬುಟ್ಟಿ ಕೆಮ್ಮಣ್ಣು ಇಳಿಸಿ ಹೋದ. ನನಗೆ ಅಂಜಿಕೆಯಾಗಿದೆ. ಇಲ್ಲಿ ಬರೆಯದೆ ಯಾರ ಮುಂದೆ ಹೇಳಲಿ?

೨೧ ಏಪ್ರಿಲ್, ಗುರುವಾರ, ಬಸವ ಜಯಂತಿ

ಮುಂಜಾನೆ ಹಾಲು ಒಡೆದಿತ್ತು. ಫ್ರಿಜ್ಜಿನಲ್ಲಿ ಇಟ್ಟ ಹಾಲು! ಹಬ್ಬದ ದಿನ, ಇವತ್ತೇ!

ನಾನು ಅಡಿಗೆಮನೆಯ ಮೇಜಿನ ಮುಂದೆ ಕೂತಿದ್ದೆ. ಬೋಗಾಣಿ ಹಿಡಿದು ಬಾಳಮ್ಮ ಬಂದಳು, ಬೆನ್ನ ಹಿಂದೆಯೇ ರುಕ್ಮವ್ವ. ಇನ್ನು ಎಮ್ಮೆಯ ಮಾತು ಬರುತ್ತದೆ, ತಿರುಗಿ ಬೋಗಾಣಿಯ ಮಾತು ಬರುತ್ತದೆ ಎಂದು ಕಣ್ಣು ಮುಚ್ಚಿಕೊಂಡೆ.

"ನಿನ್ನೆ ಫ್ರಿಜ್ ಬಾಗಲಾ ಕಡೀಕ ಯಾರು ತಗದಿದ್ರಿ?" ಎಂದಳು ಬಾಳಮ್ಮ. ನನಗೇ!

"ಬಿಸಲು ಭಾಳ ಐತಿ. ಕರೆಂಟೂ ಕಮ್ಮಿ ಇತ್ತು" ಎಂದೆ.

"ಕೇಳಿದ್ದಕ್ಕ ಜವಾಬ ಕೊಡ್ರಿ ಬಾವಾರ. ತಗದಿದ್ರೋ ಇಲ್ಲೋ?" ಎಂದಳು ರುಕ್ಮವ್ವ, ಸೊಂಟದ ಮೇಲೆ ಕೈಯಿಟ್ಟು, ಎದುರಿಗೇ ನಿಂತು.

"ತಗದಿದ್ದೆ. ತಂಗಡಗಿಯಿಂದ ಕಕ್ಷಿಗಾರ ಬಂದಿದ್ದ, ಒಳಗ ದೀಪ ಹತ್ತೂದು ತೋರಸಿದೆ."

"ತಿರುಗಿ ಹಾಕಿದ್ರೇನು?"

"ನೆನಪಿಲ್ಲ."

"ಅಕ್ಕಾ, ನೆನಪಿಲ್ಲಂತ ನೋಡ" ಎಂದಳು ರುಕ್ಮವ್ವ.

"ನೆನಪಿಲ್ಲ ಅನ್ನಾವರ ಸಾಕ್ಷಿ ಖೊಟ್ಟಿ ಅಂತ ಇವರ ಹೇಳ್ತಿರ್ತಾರ. ರಾತ್ರೆಲ್ಲಾ ತೆರದ ಇಟ್ಟಾರ, ಹಾಲು ಇನ್ನೇನ ಆಗ್ಬೇಕು?" ಎಂದಳು ಬಾಳಮ್ಮ.

ಹದಿನೈದು ನಿಮಿಷ ಇಬ್ಬರೂ ಸರದಿಯ ಮೇಲೆ ಬಯ್ದರು. ಒಬ್ಬರು ಉಸಿರು ತೆಗೆದುಕೊಂಡರೆ ಇನ್ನೊಬ್ಬರು ಶುರು. ಇಂಥ ಅವಮಾನ ನನಗೆ ಎಂದೂ ಆಗಿಲ್ಲ. ಕಡೆಗೆ ಒಡೆದ ಹಾಲನ್ನು ಅರಿವೆಯಲ್ಲಿ ಸೋಸಿ, ಬೆಲ್ಲ ಹಾಕಿ ಕಾಸಲು ಕೂತರು. ಅರಿವೆಯ ಒಂದು ತುದಿ ಅವಳು ಹಿಡಿದಳು, ಇನ್ನೊಂದು ಇವಳು.

ಅಷ್ಟರಲ್ಲಿ ಹಿತ್ತಲ ಕಡೆಯ ಕಿಟಕಿಯಲ್ಲಿ ಇಣುಕಿ ಸೋಮನಿಂಗ ಕೂಗಿದ: "ಖಂಡೆಪ್ಪಣ್ಣಾರ, ಒಲಿ ಯಾವ ಮೂಲ್ಯಾಗ ಹಾಕ್ಲಿರಿ?"

ಖಂಡೆಪ್ಪ ಜಳಕ ಮಾಡಿ ವಿಭೂತಿ ಹಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದ. ಅರಿವೆ ಹಿಂಡುತ್ತಿದ್ದ ಇಬ್ಬರನ್ನೂ ನೋಡಿದ. ನನ್ನನ್ನೂ ನೋಡಿದ.

"ಯಾವ ಒಲಿ?" ಎಂದ.

"ಬ್ಯಾರೆ ಒಲಿರಿ. ನೀವ ಹೇಳಿದ್ರೆಲ್ರಿ!"

"ನಾ ಯಾವಾಗ ಹೇಳೇನಿ? ನಿನಗ ಬಿಸಲ ಹತ್ತೈತಿ."

"ಇವರು ಹಂಗ ಅನ್ನಾವರ ಅಲ್ಲಪಾ" ಎಂದಳು ರುಕ್ಮವ್ವ ತಲೆ ಎತ್ತದೆ. ಬಾಳಮ್ಮ "ನಾವೂ ಕೇಳಿಲ್ಲ" ಎಂದಳು. ಅವ್ವ ತಾನು ಕಿವುಡಿ ಎಂದಳು, ಅದು ಅರ್ಧ ಖರೆ. ಪಾಪ ಸೋಮನಿಂಗ, ಕೈಯಲ್ಲಿ ಇಟ್ಟಂಗಿ ಹಿಡಿದುಕೊಂಡೇ ನನ್ನ ಕಡೆ ತಿರುಗಿದ.

"ವಕೀಲ ಸಾಹೇಬ್ರ, ನೀವರ ಖರೆ ಹೇಳ್ರಿ. ನಿಮ್ಮ ಮುಂದ ಮಾತಾಗಿತ್ತಲ್ರಿ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಆರು ವರ್ಷದ ಖಂಡೆಪ್ಪನೂ ತಪ್ಪು ಮಾಡಿದಾಗ ನನ್ನನ್ನು ಹೀಗೇ ನೋಡುತ್ತಿದ್ದ.

"ಇಲ್ಲೋ ಸೋಮನಿಂಗಾ, ನಮ್ಮ ಮನ್ಯಾಗ ಅಂಥಾ ಮಾತು ಯಾರೂ ಆಡಿಲ್ಲ" ಎಂದೆ. ಅಷ್ಟು ದೊಡ್ಡ ಸುಳ್ಳು ಹೇಳಿದರೂ ನನ್ನ ದನಿ ನಡುಗಲಿಲ್ಲ. ಹಾಗೆ ಹೇಳುವಾಗ ನನಗೆ ಆದ ಸಂತೋಷ ಯಾವ ದಾವೆ ಗೆದ್ದಾಗಲೂ ಆಗಿಲ್ಲ.

ಸೋಮನಿಂಗ ಕೈಯಲ್ಲಿದ್ದ ಇಟ್ಟಂಗಿಯನ್ನು ಹೊರಳಿಸಿ ನೋಡಿದ. "ಹಂಗಾರ ಈ ಇಟ್ಟಂಗಿ ಏನ ಮಾಡ್ಲಿರಿ?"

"ಪಡಸಾಲಿ ಸಾರಿಸೂವಾಗ ಫ್ರಿಜ್ಜಿಗೆ ನೀರ ತಾಕತಾವು," ಎಂದು ಬಾಳಮ್ಮ ಶುರು ಮಾಡಿದಳು.

"ಅದರ ಬುಡಕ ಇಡು," ಎಂದು ರುಕ್ಮವ್ವ ಮುಗಿಸಿದಳು.

ನಾನು ಒಂದು ಕಡೆ, ಖಂಡೆಪ್ಪ ಒಂದು ಕಡೆ ಫ್ರಿಜ್ ಎತ್ತಿ ಹಿಡಿದೆವು. ಒಲೆಗೆಂದು ತಂದ ನಾಲ್ಕೂ ಇಟ್ಟಂಗಿಗಳನ್ನು ಸೋಮನಿಂಗ ಅದರ ಕೆಳಗೆ ಇಟ್ಟು, ಹಬ್ಬದ ಊಟಕ್ಕೆ ನಮ್ಮ ಜೊತೆ ಕೂತ.